ಪಂಚಮಿಗೆ ಎಂಟು ದಿನ ಮುಂಚೆ

ಕಾಲಿನ ಚಪ್ಪಲಿಯನ್ನೂ ಬಿಡದೆ, ಸೂಟ್‌ಕೇಸಿನ ಹಿಡಿಯಿಂದ ಕೈಯನ್ನೂ ತೆಗೆಯದೆ, ಸುನಂದಾ ಬಾಗಿಲಲ್ಲೇ ನಿಂತು ಕೇಳಿದಳು.

"ವರ್ಣಿಕಾ ಪಾಸ್‌ಪೋರ್ಟ್ ಎಲ್ಲಿದೆ?"

ಅಂದು 2014ರ ಜುಲೈ 19, ಶನಿವಾರ. ಬೆಳಗಿನ ಎಂಟೂವರೆ. ಸಿಂಗಪುರದ ಸಿಮೈ ಬಡಾವಣೆಯ ಒಂಬತ್ತನೇ ಮಹಡಿಯ ಆ ಬಾಡಿಗೆ ಮನೆಯಲ್ಲಿ ಅವಳನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅವಳ ವಾಪಸು ಟಿಕೆಟ್ ಇದ್ದದ್ದು ಜುಲೈ ಇಪ್ಪತ್ತೊಂಬತ್ತಕ್ಕೆ. ಗಂಡ ದತ್ತಾತ್ರೇಯ ಪತ್ರಿಕೆ ಕೆಳಗಿಟ್ಟು ಎದ್ದ. ಏಳು ವರ್ಷದ ಮಗಳು ಸ್ಪಂದನಾ ಹಾಲಿನ ಲೋಟ ಬಿಟ್ಟು ಓಡಿ ಬಂದು ಸೊಂಟ ಹಿಡಿದಳು. ಅಡುಗೆಮನೆಯಿಂದ, ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ, ದತ್ತಾತ್ರೇಯನ ಅಕ್ಕ ವತ್ಸಲಾ ಹೊರಬಂದಳು. ಸುನಂದಾ ಊರಿಗೆ ಹೋದಂದಿನಿಂದ ಕ್ಲೆಮೆಂಟಿಯಲ್ಲಿದ್ದ ತನ್ನ ಮನೆ ಬಿಟ್ಟು ಇಲ್ಲೇ ಇದ್ದು ತಮ್ಮನ ಸಂಸಾರ ನೋಡಿಕೊಳ್ಳುತ್ತಿದ್ದವಳು ಅವಳೇ.

"ಇದೇನೇ ಇದು ಸುನಂದಾ? ಅಪ್ಪ ಹೇಗಿದಾರೆ?"

"ಬುಧವಾರ ಸೊಂಟದ ಆಪರೇಷನ್ ಆಯ್ತು ಅತ್ತಿಗೆ. ಮೀರಾ ಇದಾಳೆ ಅವರ ಹತ್ರ."

"ಆಪರೇಷನ್ ಆಗಿ ಮೂರು ದಿನ! ಹೆತ್ತ ತಂದೇನ ಆಸ್ಪತ್ರೆ ಮಂಚದ ಮೇಲೆ ಬಿಟ್ಟು, ತಂಗಿ ತಲೆಗೆ ಕಟ್ಟಿ, ಪಾಸ್‌ಪೋರ್ಟ್ ಎಲ್ಲಿ ಅಂತ ಕೇಳ್ಕೊಂಡು ಬಂದ್ಯಾ ಮಹಾತಾಯಿ? ಏನು, ಅದಕ್ಕೆ ಕಾಲು ಬಂದಿತ್ತಾ?"

ಗದ್ದಲಕ್ಕೆ ಕೋಣೆಯಿಂದ ಎದ್ದು ಬಂದ ಹಿರಿಯ ಮಗಳು ವರ್ಣಿಕಾ ಒಳಗೆ ಹೋಗಿ ತನ್ನ ನೀಲಿ ಪಾಸ್‌ಪೋರ್ಟ್ ತಂದು ಕೊಟ್ಟಳು. ಸುನಂದಾ ಪುಟ ತೆರೆದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಇಪ್ಪತ್ನಾಲ್ಕು, ಏಳು, ತೊಂಬತ್ತಮೂರು" ಎಂದು ಓದಿದಳು. "ರೀ, ಅಪಾಯಿಂಟ್‌ಮೆಂಟ್ ಯಾವತ್ತಿಗೆ?"

"ಮೂವತ್ತಕ್ಕೆ. ಫೋನಲ್ಲಿ ಹೇಳಿದ್ನಲ್ಲ."

"ಇವಳಿಗೆ ಇಪ್ಪತ್ತೊಂದು ತುಂಬೋದು ಯಾವತ್ತು?"

"ನಾಗರಪಂಚಮಿಗೆ. ಈ ವರ್ಷ ಆಗಸ್ಟ್ ಒಂದು. ಅದಕ್ಕೇ ತಾನೇ ಎರಡು ದಿನ ಮುಂಚೆನೇ..."

ದತ್ತಾತ್ರೇಯನ ಮಾತು ಅಲ್ಲಿಗೇ ನಿಂತುಹೋಯಿತು. ಪಾಸ್‌ಪೋರ್ಟ್ ಕಸಿದುಕೊಂಡು ಆ ಸಾಲನ್ನು ತಾನೇ ಓದಿದ.

ವರ್ಣಿಕಾ ಹುಟ್ಟಿದ್ದು 1993ರ ಜುಲೈ 24ರಂದು, ಮೈಸೂರಿನಲ್ಲಿ. ಆ ವರ್ಷ ನಾಗರಪಂಚಮಿ ಅದೇ ದಿನ ಬಂದಿತ್ತು. ಹೀಗಾಗಿ ಅವಳ ಹುಟ್ಟುಹಬ್ಬವನ್ನು ಮನೆಯಲ್ಲಿ ಎಂದೂ ಇಂಗ್ಲಿಷ್ ತಾರೀಖಿಗೆ ಮಾಡಿದ್ದೇ ಇಲ್ಲ. ಪಂಚಮಿ ಯಾವ ದಿನ ಬಂದರೆ ಆ ದಿನ ತಲೆಗೆ ಎಣ್ಣೆ, ಆರತಿ, ತಂಬಿಟ್ಟು. ಶಾಲೆಯ ಗೆಳತಿಯರು ಜುಲೈಯಲ್ಲಿ ಶುಭಾಶಯ ಹೇಳಿದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಇಪ್ಪತ್ತು ವರ್ಷ ಈ ಅಭ್ಯಾಸದಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಈಗ. ಸಿಂಗಪುರದ ವಲಸೆ ಇಲಾಖೆ ಪಂಚಾಂಗ ನೋಡುವುದಿಲ್ಲ. ತಂದೆತಾಯಿ ಕಾಯಂ ನಿವಾಸಕ್ಕೆ, ಅಂದರೆ ಎಲ್ಲರೂ ಪಿಆರ್ ಎನ್ನುವ ಪರವಾನಗಿಗೆ, ಅರ್ಜಿ ಹಾಕುವಾಗ ಮಕ್ಕಳನ್ನು ಸೇರಿಸಿಕೊಳ್ಳಬಹುದು. ಆದರೆ ಅರ್ಜಿ ಕೊಡುವ ದಿನ ಆ ಮಕ್ಕಳಿಗೆ ಇಪ್ಪತ್ತೊಂದು ತುಂಬಿರಬಾರದು. ಆಗ ಅರ್ಜಿಯನ್ನು ಕೈಯಲ್ಲಿ ಹಿಡಿದು, ಮೊದಲೇ ಗೊತ್ತುಮಾಡಿಕೊಂಡ ದಿನ, ಲ್ಯಾವೆಂಡರ್ ಎಂಬಲ್ಲಿನ ಕಚೇರಿಗೆ ಹೋಗಿಯೇ ಕೊಡಬೇಕಿತ್ತು. ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತು.

ಸುನಂದಾ ಮಾರ್ಚ್ ತಿಂಗಳಲ್ಲೇ ಜುಲೈ 8ನ್ನು ಗೊತ್ತುಮಾಡಿದ್ದಳು. ಜೂನ್ 25ಕ್ಕೆ ಅವಳ ತಂದೆ ಹಯಗ್ರೀವರು ಮೈಸೂರಿನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ಅವಳು ಓಡಿದಳು. ರಕ್ತದೊತ್ತಡ ಇಳಿಯದೆ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು. "ಸುನಂದಾನೂ ಇಲ್ಲ, ಆಷಾಢ ಬೇರೆ. ಜೀವನದ ಇಷ್ಟು ದೊಡ್ಡ ಕಾಗದಕ್ಕೆ ಆಷಾಢದಲ್ಲಿ ಸಹಿ ಹಾಕ್ತಾರೇನೋ ದತ್ತಾ?" ಎಂದಳು ವತ್ಸಲಾ. ಅದೃಷ್ಟವೆಂಬಂತೆ ಮೂವತ್ತರ ದಿನ ಖಾಲಿ ಸಿಕ್ಕಿತು. ದತ್ತಾತ್ರೇಯ ಬದಲಿಸಿದ. ಫೋನಿನಲ್ಲಿ ಹೆಂಡತಿಗೆ "ಸ್ವಲ್ಪ ಮುಂದೆ ಹಾಕಿದೀನಿ, ಆಷಾಢ ಆದ್ಮೇಲೆ" ಎಂದ. ಡಾಕ್ಟರ ಬಾಗಿಲಲ್ಲಿ ನಿಂತಿದ್ದ ಅವಳು "ಆಯ್ತು" ಎಂದಳು. ಯಾವ ತಾರೀಖು ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಗುರುವಾರ ಸಂಜೆ, ತಂದೆಯ ತುಟಿಗೆ ಚಮಚದಲ್ಲಿ ನೀರು ಹಾಕುತ್ತಿರುವಾಗ, ಮಾತಿಗೆ ಮಾತು ಬಂದು ಅವನು "ಮೂವತ್ತು" ಎಂದಾಗ ಅವಳು ಚಮಚ ಕೆಳಗಿಟ್ಟು ಬೆರಳು ಮಡಚಿ ದಿನ ಎಣಿಸಿದ್ದಳು.

"ಹೋಗು" ಎಂದಿದ್ದರು ಹಯಗ್ರೀವರು, ಎಲ್ಲ ಕೇಳಿದ ಮೇಲೆ. "ನನ್ನ ಮೂಳೆ ನೀನಿದ್ರೂ ಆರು ವಾರ, ಇಲ್ದಿದ್ರೂ ಆರು ವಾರ. ಆ ಮಗು ಕೆಲಸಕ್ಕೆ ಆರೇ ದಿನ."

"ಹತ್ತು ವರ್ಷದಿಂದ ಬ್ಯಾಂಕಿನ ಸಿಸ್ಟಮ್‌ನಲ್ಲಿ ಡೇಟ್ ತಪ್ಪಿದ್ರೆ ಹಿಡಿಯೋದೇ ನನ್ನ ಕೆಲಸ..." ದತ್ತಾತ್ರೇಯ ಕುರ್ಚಿಗೆ ಕುಸಿದ. ಅವನಿದ್ದದ್ದು ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಬ್ಯಾಂಕಿನ ಐಟಿ ಕೇಂದ್ರದಲ್ಲಿ. "ಸ್ವಂತ ಮಗಳ ಡೇಟ್ ಆಫ್ ಬರ್ತ್ ನೋಡ್ಲಿಲ್ವಲ್ಲ ನಾನು!"

"ಆರು ದಿನ ತಾನೇ!" ವತ್ಸಲಾ ಧ್ವನಿ ಏರಿಸಿದಳು. "ಆರು ದಿನಕ್ಕೆ ಯಾರೂ ಆಕಾಶ ಕೆಳಗೆ ಹಾಕಲ್ಲ. ತೊಂಬತ್ತೊಂಬತ್ತರಲ್ಲಿ ನಮ್ಮ ಪಿಆರ್ ಆರು ವಾರದಲ್ಲಿ ಬಂತು. ಯಾರೂ ಏನೂ ಕೇಳ್ಲಿಲ್ಲ. ಹೋಗಿ ವಿಷಯ ಹೇಳಿದ್ರೆ ತಗೋತಾರೆ."

"ಅದು ತೊಂಬತ್ತೊಂಬತ್ತು ಅತ್ತಿಗೆ. ಈಗ ಹಾಗಿಲ್ಲ. ಇಪ್ಪತ್ನಾಲ್ಕು ದಾಟಿದ್ರೆ ಇವಳು ನಮ್ಮ ಅರ್ಜೀಲಿ ಇರೋ ಹಾಗಿಲ್ಲ. ಇವಳೇ ಬೇರೆ ದಾರಿ ಹುಡುಕ್ಬೇಕು. ಇವಳು ಓದಿದ್ದು ನಮ್ಮ ಸಿಬಿಎಸ್‌ಇ ಶಾಲೇಲಿ. ವಿದ್ಯಾರ್ಥಿಯಾಗಿ ಪಿಆರ್ ಕೇಳೋಕೆ ಇಲ್ಲಿನ ಸರ್ಕಾರಿ ಪರೀಕ್ಷೆ ಬೇಕು, ಒಂದನ್ನೂ ಬರೆದಿಲ್ಲ. ಬರೋ ಮೇ ತಿಂಗಳಿಗೆ ಟೀಚರ್ ಕೋರ್ಸ್ ಮುಗಿದ್ರೆ ಸ್ಟೂಡೆಂಟ್ ಪಾಸೂ ಮುಗೀತು. ಮಕ್ಕಳ ಶಾಲೆ ಟೀಚರ್ ಸಂಬಳಕ್ಕೆ ವರ್ಕ್ ಪಾಸ್ ಯಾರು ಕೊಡ್ತಾರೆ?"

"ನೋಡು, ನೋಡು! ಎಲ್ಲಾ ಲೆಕ್ಕ ಹಾಕ್ಕೊಂಡೇ ಬಂದಿದಾಳೆ!" ವತ್ಸಲಾ ತಮ್ಮನ ಕಡೆ ತಿರುಗಿದಳು. ಅವಮಾನಕ್ಕೆ ಅವಳ ಮುಖ ಕೆಂಪಗಾಗಿತ್ತು. ಆದರೆ ಬಾಯಿಂದ ಬಂದದ್ದು ಕೋಪ. "ಇವಳು ಹೊಟ್ಟೇಲಿ ಹುಟ್ಟಿದ ಸ್ಪಂದನಂಗೆ ಇನ್ನೂ ಹದಿನಾಲ್ಕು ವರ್ಷ ಟೈಮಿದೆ. ಹೊರಗೆ ಬೀಳೋದು ಯಾರು? ನಮ್ಮ ಶಾಮಲನ ಮಗಳು! ತಾಯಿ ಇದ್ದಿದ್ರೆ ಈ ಟೈಮಲ್ಲಿ ತವರಿಗೆ ಹೋಗ್ತಿದ್ಲೇನೋ ದತ್ತಾ?"

ಒಲೆಯ ಮೇಲೆ ಉಳಿದಿದ್ದ ರೊಟ್ಟಿ ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ.

ಶಾಮಲಾ ದತ್ತಾತ್ರೇಯನ ಮೊದಲ ಹೆಂಡತಿ. 2002ರಲ್ಲಿ, ವರ್ಣಿಕಾಗೆ ಒಂಬತ್ತು ವರ್ಷವಿದ್ದಾಗ ತೀರಿಕೊಂಡಳು. ಆಗ ಗಂಡನನ್ನು ಸಿಂಗಪುರದಲ್ಲಿ ಬಿಟ್ಟು ಮೈಸೂರಿಗೆ ಬಂದು, ಏಳು ತಿಂಗಳು ಕೂಸಿನ ತಲೆ ಬಾಚಿ, ಊಟ ಮಾಡಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡವಳು ವತ್ಸಲಾ. ಅವಳಿಗೆ ಮಕ್ಕಳಿರಲಿಲ್ಲ. 2004ರಲ್ಲಿ ದತ್ತಾತ್ರೇಯ ಮಗಳೊಡನೆ ಸಿಂಗಪುರಕ್ಕೆ ಬಂದ. ಸುನಂದಾ ಈ ಮನೆಗೆ ಬಂದದ್ದು ಅದರ ಮರುವರ್ಷ, ಉಪನೋಂದಣಿ ಕಚೇರಿಯ ಗುಮಾಸ್ತೆಯ ಕೆಲಸ ಬಿಟ್ಟು. ಅಂದಿನಿಂದ ಅವಳ ಪ್ರತಿ ನಡೆಯನ್ನೂ ವತ್ಸಲಾ ತೂಗಿ ನೋಡುತ್ತಿದ್ದಳು. ವರ್ಣಿಕಾಗೆ ಜ್ವರ ಬಂದರೆ ಸುನಂದಾ ನೋಡಲಿಲ್ಲ. ಅಂಕ ಕಡಿಮೆ ಬಂದರೆ ಸುನಂದಾ ಓದಿಸಲಿಲ್ಲ. ಒಂಬತ್ತು ವರ್ಷದಲ್ಲಿ ಸುನಂದಾ ಒಂದು ದಿನವೂ ತಿರುಗಿ ಮಾತನಾಡಿರಲಿಲ್ಲ. ಇಂದೂ ಆಡಲಿಲ್ಲ. ಕೇಳಿದ್ದು ಒಂದೇ.

"ಅತ್ತಿಗೆ, ಇವಳ ಒರಿಜಿನಲ್ ಬರ್ತ್ ಸರ್ಟಿಫಿಕೇಟ್, ಶಾಮಲಾ ಅವರ ಡೆತ್ ಸರ್ಟಿಫಿಕೇಟ್ ನಿಮ್ಮ ಹತ್ರ ಇದೆ. ಅನುವಾದ ಎಲ್ಲಾ ಮಾಡ್ಸಿಟ್ಟಿದೀನಿ. ಒರಿಜಿನಲ್ ತೋರಿಸ್ಬೇಕು. ಇವತ್ತೇ ಕೊಟ್ಬಿಡಿ. ಯಾರಾದ್ರೂ ಕ್ಯಾನ್ಸಲ್ ಮಾಡಿ ಇಪ್ಪತ್ಮೂರರ ಒಳಗೆ ಒಂದು ದಿನ ಸಿಕ್ಕಿದ್ರೆ..."

"ಕೊಡಲ್ಲ."

"ಅಕ್ಕ!" ದತ್ತಾತ್ರೇಯ ಎದ್ದು ನಿಂತ.

"ಕೊಡಲ್ಲ ಅಂದ್ರೆ ಕೊಡಲ್ಲ! ಆ ಕಾಗದ ಇವಳ ಕೈಗೆ ಕೊಡಲ್ಲ. ಮೂವತ್ತಕ್ಕೆ ನಾನೇ ತಗೊಂಡು ಬರ್ತೀನಿ, ನಾನೇ ಆಫೀಸರ್ ಹತ್ರ ಮಾತಾಡ್ತೀನಿ." ವತ್ಸಲಾ ಕೈ ತೊಳೆದು, ಚೀಲಕ್ಕೆ ಸೀರೆ ತುರುಕಿ, ಲಿಫ್ಟಿನ ಕಡೆ ನಡೆದೇಬಿಟ್ಟಳು.

ಆಗ ವರ್ಣಿಕಾ ಮೊದಲ ಬಾರಿಗೆ ಮಾತನಾಡಿದಳು. ಪಾಯಾ ಲೆಬಾರ್‌ನ ಒಂದು ಶಿಶುಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಅವಳಿಗೆ ತರಬೇತಿ. ಅಲ್ಲಿನ ನಾಲ್ಕು ವರ್ಷದ ಮಕ್ಕಳ ಬಾಯಲ್ಲಿ ಅವಳ ಹೆಸರು ಟೀಚರ್ ವಾಣಿ.

"ಚಿಕ್ಕಿ, ನಾನು ಎಲ್ಲಿಗೆ ವಾಪಸ್ ಹೋಗ್ಲಿ? ಮೈಸೂರಲ್ಲಿ ನಂಗೆ ಒಂದು ಬಸ್ ನಂಬರೂ ಗೊತ್ತಿಲ್ಲ. ನೀವೆಲ್ಲಾ ಇಲ್ಲಿರ್ತೀರಾ... ನಾನೊಬ್ಳೇ ವಿಸಿಟ್ ಪಾಸಲ್ಲಿ ಬಂದು ಮೂವತ್ತು ದಿನ ನಿಮ್ಮನ್ನ ನೋಡ್ಕೊಂಡು ಹೋಗ್ಬೇಕಾ?"

ಅವಳನ್ನು ಅಪ್ಪಿಕೊಳ್ಳಲು ಸುನಂದಾಗೆ ಧೈರ್ಯ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಅವರಿಬ್ಬರ ನಡುವೆ ಪ್ರೀತಿ ಬೆಳೆದದ್ದು ಹೆಚ್ಚಾಗಿ ಕೆಲಸಗಳ ಮೂಲಕ: ಇಸ್ತ್ರಿ ಮಾಡಿದ ಸಮವಸ್ತ್ರ, ಪರೀಕ್ಷೆಯ ದಿನದ ಮೊಸರನ್ನ, ಬಸ್ ಕಾರ್ಡ್ ಮರೆತರೆ ಹಿಂದೆಯೇ ಓಡುವುದು. ಈಗಲೂ ಅವಳು ಕೆಲಸವನ್ನೇ ಮಾಡಿದಳು. ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದಳು, ಅರ್ಜಿಯ ಕಂತೆಯನ್ನು ಮೇಜಿನ ಮೇಲೆ ಹರಡಿ, ಪೆನ್ನು ತೆಗೆದು ಕುಳಿತಳು.

"ನಾಲ್ಕು ದಿನ ಇದೆ. ಭಾನುವಾರ ಬಿಟ್ರೆ ಮೂರು. ನಮ್ಮ ಹಳೇ ಆಫೀಸಲ್ಲಿ ಕೊನೇ ದಿನ ಕೊನೇ ಗಂಟೆಗೆ ಬಂದ ಪತ್ರಾನೂ ರಿಜಿಸ್ಟರ್ ಮಾಡಿದೀನಿ ನಾನು. ಮಾರನೇ ದಿನ ಬಂದವರ ಅಳೂನೂ ನೋಡಿದೀನಿ. ನೀನು ಅಳ್ಬೇಡ. ಫೋಟೋ ಎರಡು ತಗೊಂಬಾ."

*

ಮರುದಿನ ಬೆಳಿಗ್ಗೆ ಸುನಂದಾ ಒಬ್ಬಳೇ ಕ್ಲೆಮೆಂಟಿಗೆ ಹೋದಳು. ದತ್ತಾತ್ರೇಯ ತಾನೂ ಬರುತ್ತೇನೆಂದ. ಅವಳು ಬೇಡವೆಂದಳು. ಅಕ್ಕತಮ್ಮ ಎದುರಾದರೆ ಮಾತು ಮಾತಿಗೆ ಹೊತ್ತಿಕೊಳ್ಳುತ್ತದೆ, ಕಾಗದ ಮಾತ್ರ ಹೊರಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬಾಗಿಲು ತೆಗೆದವನು ವತ್ಸಲಾಳ ಗಂಡ ನಾಗೇಶ. ಪಾಸಿರ್ ಪಂಜಾಂಗ್‌ನ ಹಡಗು ಕಂಪನಿಯೊಂದರಲ್ಲಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ.

"ಬಾಮ್ಮ, ಬಾ. ಒಳಗೆ ಹವಾಮಾನ ಸರಿಯಿಲ್ಲ. ನಾನು ಎರಡು ಸಲ ಕಾಫಿ ಕೇಳ್ದೆ, ಎರಡು ಸಲಾನೂ ಬೈಸ್ಕೊಂಡೆ. ನಿನಗೋಸ್ಕರ ಮೂರನೇ ಸಲ ಕೇಳ್ತೀನಿ."

"ಯಾರ್ರೀ ಅದು?" ಎನ್ನುತ್ತ ಬಂದ ವತ್ಸಲಾ ಅಲ್ಲೇ ನಿಂತಳು. ಕಣ್ಣು ಊದಿತ್ತು. ರಾತ್ರಿಯೆಲ್ಲ ಅತ್ತಿದ್ದಾಳೆಂದು ನೋಡಿದವರಿಗೆ ತಿಳಿಯುತ್ತಿತ್ತು. "ದತ್ತಾ ಕಳಿಸಿದ್ನಾ?"

"ಇಲ್ಲ. ನಾನೇ ಬಂದೆ."

"ಕಾಲಿಗೆ ಬೀಳೋಕಾ?"

"ಬಿದ್ರೆ ಕೊಡ್ತೀರಾ ಅಂದ್ರೆ ಬೀಳ್ತೀನಿ ಅತ್ತಿಗೆ. ನಂಗೇನೂ ನಾಚಿಕೆ ಇಲ್ಲ. ಅದಕ್ಕೆ ಮೊದ್ಲು ಇದನ್ನ ನೋಡಿ. ನೀವು ನೋಡ್ದೇ ಇರೋದನ್ನ ಆಫೀಸರ್‌ಗೆ ಕೊಡಬಾರ್ದು ಅನ್ನಿಸ್ತು."

ಅವಳು ಚಾಚಿದ ಹಾಳೆಯನ್ನು ವತ್ಸಲಾ ಮುಟ್ಟಲಿಲ್ಲ. ನಾಗೇಶ ತೆಗೆದುಕೊಂಡು, ಕನ್ನಡಕ ಏರಿಸಿ, ಮೆಲ್ಲಗೆ ಓದಿದ. ಮಕ್ಕಳ ವಿವರದ ಹಾಳೆ. ಮಗುವಿನ ಹೆಸರು, ವರ್ಣಿಕಾ ದತ್ತಾತ್ರೇಯ. ತಂದೆಯ ಹೆಸರು, ದತ್ತಾತ್ರೇಯ. ತಾಯಿಯ ಹೆಸರು...

"ಶಾಮಲಾ ದತ್ತಾತ್ರೇಯ" ಎಂದು ನಾಗೇಶ ಓದಿದ. ಅವನ ಧ್ವನಿ ಸ್ವಲ್ಪ ತಗ್ಗಿತು. "ಪಕ್ಕದಲ್ಲಿ, ತೀರಿಕೊಂಡಿದ್ದಾರೆ, ತಾರೀಖು. ಸುನಂದನ ಹೆಸರು ಕೆಳಗಿದೆ. ಸ್ಟೆಪ್ ಮದರ್ ಅಂತ ಬರ್ದಿದಾಳೆ ವತ್ಸಲಾ."

ವತ್ಸಲಾ ಗಂಡನ ಕೈಯಿಂದ ಹಾಳೆ ತೆಗೆದುಕೊಂಡಳು.

"ಹಾಗ್ಯಾಕೆ ಬರೆದೆ?" ವತ್ಸಲಾ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಒಂಬತ್ತು ವರ್ಷ ಸಾಕಿದೀಯ. ಬೇರೆ ಯಾರಾದ್ರೂ ಆಗಿದ್ರೆ... ತಾಯಿ ಅಂತ ತಮ್ಮ ಹೆಸರೇ ಬರ್ಕೊತಿದ್ರು. ಆ ಕಾಗದಾನೂ ಬೇಕಾಗ್ತಿರ್ಲಿಲ್ಲವೇನೋ!"

"ಬೇಕೇ ಬೇಕು. ಬೇಡದೇ ಇದ್ರೂ ಹಾಗೆ ಬರೀತಿರ್ಲಿಲ್ಲ. ಮದುವೆಗೆ ಮುಂಚೆ ಒಂಬತ್ತು ವರ್ಷ ರಿಜಿಸ್ಟರ್ ಬರ್ದ ಕೈ ಅತ್ತಿಗೆ ಇದು. ಇರೋದನ್ನ ಬರೆಯೋಕೆ ಮಾತ್ರ ಬರುತ್ತೆ ನಂಗೆ. ಶಾಮಲಾ ಅವರ ಹೆಸರು ಅಳಿಸಿ ನಾನು ಎಲ್ಲಿ ಕೂತ್ಕೊಳ್ಲಿ?"

ವತ್ಸಲಾ ಸೋಫಾದ ಅಂಚಿಗೆ ಕುಳಿತಳು. ಕೈಯಿಂದ ಮುಖ ಮುಚ್ಚಿಕೊಂಡಳು. ಹೆಗಲು ಅಲುಗತೊಡಗಿದವು. ನಾಗೇಶ ಹತ್ತಿರ ಹೋಗಲು ಹೊರಟವನು ತಡೆದು, ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಒಲೆಗೆ ಇಟ್ಟ.

"ನಾನಿದ್ದೆ ಕಣೇ ಅಲ್ಲಿ..." ಬೆರಳುಗಳ ಸಂದಿಯಿಂದ ಮಾತು ಬಂತು. "ಅವತ್ತು ಪಂಚಮಿ. ಶಾಮಲಾ ಒಳಗೆ ನೋವು ತಿಂತಿದ್ಲು. ನಂಗೆ ನಿಂತಲ್ಲಿ ನಿಲ್ಲೋಕಾಗ್ಲಿಲ್ಲ. ಆಸ್ಪತ್ರೆ ಗೇಟ್ ಪಕ್ಕ ಅರಳಿಕಟ್ಟೆ, ಅಲ್ಲಿ ನಾಗರಕಲ್ಲು. ಹಾಲೆರೆದು ತಿರುಗಿ ಬಂದೆ, ಕೂಸು ಹುಟ್ಟಿತ್ತು. ಆ ದಿನ ಬಿಟ್ರೆ ಬೇರೆ ದಿನ ನನ್ನ ತಲೇಲೇ ಇಲ್ಲ. ಇಪ್ಪತ್ನಾಲ್ಕು ಅನ್ನೋ ಸಂಖ್ಯೆ ಆ ಕಾಗದದಲ್ಲೇ ಇತ್ತು. ನನ್ನ ಬೀರುವಲ್ಲೇ ಇತ್ತು! ಹನ್ನೆರಡು ವರ್ಷದಿಂದ ಇಟ್ಕೊಂಡಿದೀನಿ, ಒಂದು ದಿನ ಓದ್ಲಿಲ್ಲ. ಆಷಾಢ ಆಷಾಢ ಅಂತ ನಾನೇ... ನಾನೇ ಆ ಮಗೂನ ಹೊರಗೆ ಹಾಕಿಬಿಟ್ನಲ್ಲೇ ಸುನಂದಾ!"

"ಇನ್ನೂ ಯಾರೂ ಹೊರಗೆ ಹೋಗಿಲ್ಲ" ಎಂದಳು ಸುನಂದಾ. ಈ ಬಾರಿ ಅವಳು ಹಿಂಜರಿಯಲಿಲ್ಲ. ಪಕ್ಕದಲ್ಲಿ ಕುಳಿತು ಆ ಕೈಗಳನ್ನು ಮುಖದಿಂದ ಬಿಡಿಸಿದಳು. "ನಾನೂ ಯಾವ ತಾರೀಖು ಅಂತ ಕೇಳ್ಲಿಲ್ಲ. ಅವರೂ ನೋಡ್ಲಿಲ್ಲ. ತಪ್ಪು ಮೂರು ಜನದ್ದು."

ವತ್ಸಲಾ ಎದ್ದು ಬೀರು ತೆಗೆದಳು. ಸೀರೆಗಳ ಅಡಿಯಿಂದ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎತ್ತಿದಳು. ಶಾಮಲಾಳ ಧಾರೆ ಸೀರೆ ಬಂದಿದ್ದ ಪೆಟ್ಟಿಗೆ. ಮುಚ್ಚಳದ ಮೇಲಿನ ಮೈಸೂರಿನ ಅಂಗಡಿಯ ಹೆಸರು ಅರ್ಧ ಅಳಿಸಿತ್ತು. ಒಳಗೆ ಒಂದು ಕುಂಕುಮದ ಭರಣಿ, ಕೆಂಪು ಟೇಪು ಸುತ್ತಿದ ಪುಟ್ಟ ಹೆರಳುಪಿನ್ನು, ನಾಲ್ಕೈದು ಫೋಟೋ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಎರಡು ಕಾಗದ. ಆ ಎರಡನ್ನು ಮಾತ್ರ ಎಳೆದುಕೊಟ್ಟಳು. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡೇ ಇದ್ದಳು.

"ಕೆಲಸ ಆದ ದಿನಾನೇ ವಾಪಸ್ ತಂದ್ಕೊಡ್ಬೇಕು."

"ಬರ್ದು ಕೊಡ್ಲಾ?"

"ಬರ್ಕೊಡು!"

ಸುನಂದಾ ನಿಜವಾಗಿಯೂ ಒಂದು ಚೀಟಿ ಬರೆದಳು. ಎರಡು ಮೂಲ ಪ್ರತಿ ಪಡೆದಿದ್ದೇನೆ, ತಾರೀಖು, ಸಹಿ. ವತ್ಸಲಾ ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟಳು. ಕಾಫಿ ತಂದ ನಾಗೇಶ ಇಬ್ಬರನ್ನೂ ನೋಡಿ, "ಮಳೆ ನಿಂತ್ಹಾಗಿದೆ. ನಂಗೂ ಅರ್ಧ ಲೋಟ ಸಿಗುತ್ತಾ?" ಎಂದ.

*

ಕಾಗದ ಬಂತು. ದಿನ ಮಾತ್ರ ಸಿಗಲಿಲ್ಲ. ಸೋಮವಾರವಿಡೀ ಕಚೇರಿಯ ವೆಬ್‌ಸೈಟಿನಲ್ಲಿ ಜುಲೈ ತಿಂಗಳು ಒಂದು ಖಾಲಿ ಚೌಕವೂ ಇಲ್ಲದೆ ತುಂಬಿ ನಿಂತಿತ್ತು. ಯಾರೋ ಒಬ್ಬರು ರದ್ದು ಮಾಡಿದರೆ ಮಾತ್ರ ಒಂದು ಚೌಕ ತೆರೆಯುತ್ತದೆ. ತೆರೆದ ಕ್ಷಣವೇ ಇನ್ನಾರೋ ಹಿಡಿದುಬಿಡುತ್ತಾರೆ. ಸುನಂದಾ ಮನೆಯ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ದತ್ತಾತ್ರೇಯ ಮೀಟಿಂಗಿನ ಮೇಜಿನ ಕೆಳಗೆ ಫೋನ್ ಹಿಡಿದ. ವರ್ಣಿಕಾ ತರಗತಿಯಲ್ಲಿ. ಮಂಗಳವಾರ ಹನ್ನೊಂದು ಗಂಟೆಗೆ ಒಂದು ಚೌಕ ತೆರೆಯಿತು. ದತ್ತಾತ್ರೇಯ ಒತ್ತಿದ, ವಿವರ ತುಂಬಿಸಿದ, ಅಷ್ಟರಲ್ಲಿ ಹೋಯಿತು. ಅವನು ಫೋನ್ ಮಾಡಿ ವಿಷಯ ಹೇಳಿದ.

"ಆಗ್ಲಿ ಬಿಡಿ" ಎಂದಳು ಸುನಂದಾ. "ಒಂದು ತೆರೀತು ಅಂದ್ರೆ ಇನ್ನೊಂದು ತೆರೆಯುತ್ತೆ. ಪಾಸ್ ನಂಬರ್ ಎಲ್ಲಾ ಕಾಪಿ ಮಾಡಿ ರೆಡಿ ಇಟ್ಕೊಳಿ."

ಮಧ್ಯಾಹ್ನ ಸ್ಪಂದನಾ ಶಾಲೆಯಿಂದ ಬಂದು ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಳು. "ಅಮ್ಮಾ, ಸ್ಟಿಲ್ ಕೆನಾಟ್ ಆಹ್? ಇನ್ನೂ ಸಿಗ್ಲಿಲ್ವಾ?" ಎಂದು ಐದು ನಿಮಿಷಕ್ಕೊಮ್ಮೆ ಕೇಳಿದಳು. ಮೈಸೂರಿನಿಂದ ಮೀರಾ ಫೋನ್ ಮಾಡಿ, ಅಪ್ಪ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು, ನಿನ್ನ ಕಾಗದ ಏನಾಯಿತೆಂದು ಕೇಳುತ್ತಿದ್ದಾರೆ ಎಂದಳು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಪರದೆಯ ಮೇಲೆ ಒಂದು ಚೌಕದ ಬಣ್ಣ ಬದಲಾಯಿತು. ಬುಧವಾರ, ಜುಲೈ 23, ಬೆಳಿಗ್ಗೆ ಹತ್ತೂವರೆ. ಸುನಂದಾ ಒಂದು ಅಂಕಿಯನ್ನೂ ತಪ್ಪು ಒತ್ತಲಿಲ್ಲ. ದೃಢೀಕರಣದ ಪುಟ ಬಂದ ಮೇಲೂ ಅವಳು ನಂಬಲಿಲ್ಲ. ಪುಟವನ್ನು ಎರಡು ಬಾರಿ ಮುದ್ರಿಸಿ, ತಾರೀಖನ್ನು ಪಾಸ್‌ಪೋರ್ಟಿನ ಪಕ್ಕ ಇಟ್ಟು ನೋಡಿದಳು. ಒಂದೇ ಒಂದು ದಿನ!

ಬುಧವಾರ ಬೆಳಿಗ್ಗೆ ಒಂಬತ್ತೂಕಾಲಿಗೇ ಅವರು ಲ್ಯಾವೆಂಡರ್ ಸ್ಟೇಷನ್ನಿನಲ್ಲಿ ಇಳಿದರು. ಕಚೇರಿಯ ಮೆಟ್ಟಿಲ ಬಳಿ ಒಬ್ಬ ಹೆಂಗಸು ಕಾದಿದ್ದಳು. ಕೈಯಲ್ಲಿ ಪುಟ್ಟ ಪೊಟ್ಟಣ.

"ಅತ್ತೆ!" ವರ್ಣಿಕಾ ಓಡಿದಳು.

"ಒಳಗೆ ಬರಲ್ಲ. ಆಷಾಢ, ಅಮಾವಾಸ್ಯೆಗೆ ಮೂರು ದಿನ... ನನ್ನ ಕಣ್ಣು ತಾಗೋದು ಬೇಡ" ಎಂದಳು ವತ್ಸಲಾ. ಪೊಟ್ಟಣದಲ್ಲಿದ್ದದ್ದು ತಂಬಿಟ್ಟು. "ನಾಳೆ ಹುಟ್ಟುಹಬ್ಬ ಅಲ್ವಾ ನಿಂದು. 24ಕ್ಕೆ. ತಿನ್ಕೊಂಡು ಹೋಗು."

ಕೌಂಟರಿನ ಅಧಿಕಾರಿಣಿ ನಡುವಯಸ್ಸಿನವಳು, ವೇಗದ ಕೈ. ಕಂತೆಯನ್ನು ಒಂದೊಂದಾಗಿ ತಿರುವಿದಳು. ಎರಡು ಮೂಲ ಪ್ರತಿಗಳ ಮುಂದೆ ಅನುವಾದ, ಅನುವಾದದ ಮುಂದೆ ನಕಲು, ಎಲ್ಲವೂ ಕ್ರಮದಲ್ಲಿ. ವರ್ಣಿಕಾಳ ಹಾಳೆಗೆ ಬಂದಾಗ ಅವಳ ಕೈ ನಿಂತಿತು. ಜನ್ಮದಿನಾಂಕ ನೋಡಿದಳು, ಎದುರಿನ ಗಣಕದಲ್ಲಿ ಅಂದಿನ ದಿನಾಂಕ ನೋಡಿದಳು.

"ಟುಮಾರೋ ಟ್ವೆಂಟಿ ಒನ್ ಆಹ್? ವಾ, ಸೋ ಕ್ಲೋಸ್!" ಅವಳ ಹುಬ್ಬು ಏರಿತು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟಳು. "ದಿಸ್ ಮದರ್ ಪಾಸ್ಡ್ ಅವೇ. ಸೋ ಯು ಆರ್...?"

"ಸ್ಟೆಪ್ ಮದರ್" ಎಂದಳು ಸುನಂದಾ.

"ಶಿ ಬ್ರಾಟ್ ಮಿ ಅಪ್" ಎಂದಳು ವರ್ಣಿಕಾ, ಕೇಳದಿದ್ದರೂ. ಅಧಿಕಾರಿಣಿ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ತಲೆಯಾಡಿಸಿ, ಹಾಳೆಗೆ ಮೊಹರು ಒತ್ತಿದಳು. ಅರ್ಜಿ ಸ್ವೀಕರಿಸಿದ್ದಕ್ಕೆ ಕೊಟ್ಟ ಚೀಟಿಯಲ್ಲಿ ನಾಲ್ಕು ಹೆಸರುಗಳಿದ್ದವು. ತಾರೀಖು 23.

ಅಂದು ಸಂಜೆ ಐದು ಗಂಟೆಗೆ ಸುನಂದಾ ಎರಡು ಮೂಲ ಪ್ರತಿಗಳನ್ನೂ ಕ್ಲೆಮೆಂಟಿಗೆ ಕೊಂಡೊಯ್ದು ಒಪ್ಪಿಸಿ, ತನ್ನ ಚೀಟಿ ವಾಪಸು ಪಡೆದಳು.

*

ಅರ್ಜಿ ಕೊಟ್ಟ ಮಾತ್ರಕ್ಕೆ ಸಿಗುತ್ತದೆಂಬ ಕಾಲ ಅದಲ್ಲ. ಹನ್ನೊಂದು ತಿಂಗಳು ಅವರು ಕಾದರು. ಮೇ ತಿಂಗಳಲ್ಲಿ ವರ್ಣಿಕಾಳ ಕೋರ್ಸ್ ಮುಗಿಯಿತು, ಪಾಸ್ ಮುಗಿಯಿತು. ಅವಳು ವಿಸಿಟ್ ಪಾಸಿನಲ್ಲಿ ದಿನ ಎಣಿಸುತ್ತಿದ್ದಾಗ, 2015ರ ಜೂನ್ 16ರಂದು ಪತ್ರ ಬಂತು. ನಾಲ್ವರಿಗೂ ಕಾಯಂ ನಿವಾಸ. ವರ್ಣಿಕಾ ಪತ್ರ ಹಿಡಿದು ಎಂಟನೇ ಮಹಡಿಯ ಮಲಯ್ ಅಜ್ಜಿಗೂ ತೋರಿಸಿ ಬಂದಳು. ಮುಂದಿನ ತಿಂಗಳೇ ಪಾಯಾ ಲೆಬಾರ್‌ನ ಆ ಶಿಶುಕೇಂದ್ರ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು.

ಪೌರತ್ವ ಕೇಳಲು ಕಾಯಂ ನಿವಾಸಿಯಾಗಿ ಎರಡು ವರ್ಷ ಕಳೆದಿರಬೇಕು. 2017ರ ಜೂನ್‌ನಲ್ಲಿ ಆ ಎರಡು ವರ್ಷ ತುಂಬಿದಾಗ ವರ್ಣಿಕಾಗೆ ಇಪ್ಪತ್ಮೂರು ತುಂಬಿತ್ತು. ತಂದೆಯ ಅರ್ಜಿಯಲ್ಲಿ ಮಗಳಾಗಿ ಸೇರುವ ವಯಸ್ಸು ಎಂದೋ ದಾಟಿತ್ತು. ಆದರೆ ಈಗ ಅದು ಬೇಕಾಗಿರಲಿಲ್ಲ. ಇಪ್ಪತ್ತೊಂದು ದಾಟಿದ, ಎರಡು ವರ್ಷ ಪೂರೈಸಿದ ಯಾವ ನಿವಾಸಿಯೂ ತನ್ನ ಹೆಸರಿನಲ್ಲೇ ಕೇಳಬಹುದು. ಮೂರು ವರ್ಷದ ಹಿಂದೆ ಬಾಗಿಲು ಮುಚ್ಚಲು ಹೊರಟಿದ್ದ ಅದೇ ಇಪ್ಪತ್ತೊಂದು ಈಗ ಬಾಗಿಲು ತೆರೆಯಿತು. ಜುಲೈ 23 ತಪ್ಪಿದ್ದರೆ ಆ ಎರಡು ವರ್ಷದ ಎಣಿಕೆ ಅವಳ ಪಾಲಿಗೆ ಶುರುವೇ ಆಗುತ್ತಿರಲಿಲ್ಲ. ಅರ್ಜಿಯನ್ನು ಅವಳೇ ತುಂಬಿದಳು. ಸುನಂದಾ ಪಕ್ಕದಲ್ಲಿ ಕುಳಿತು ತಾರೀಖುಗಳನ್ನಷ್ಟೇ ಒಂದೊಂದಾಗಿ ಸರಿನೋಡಿದಳು.

ಪೌರತ್ವಕ್ಕೆ ಒಪ್ಪಿಗೆ ಬಂದು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಬಂದ ದಿನ ವರ್ಣಿಕಾ ಊಟ ಮಾಡಲಿಲ್ಲ. "ಅಮ್ಮ ಮಾಡಿಸಿದ ಮೊದಲ ಪಾಸ್‌ಪೋರ್ಟಿನ ನಂಬರ್ ಇದ್ರಲ್ಲಿ ಇತ್ತು ಚಿಕ್ಕಿ" ಎಂದಳು. ಸುನಂದಾ ಅವಳ ತಟ್ಟೆಯನ್ನು ಮುಚ್ಚಿಟ್ಟು, ಅವಳೊಡನೆ ತಾನೂ ಉಪವಾಸ ಕುಳಿತಳು.

ಪ್ರಮಾಣಪತ್ರ ನೀಡುವ ಸಮಾರಂಭದ ದಿನ ಗೊತ್ತಾಯಿತು. 2018ರ ಜುಲೈ 28, ಶನಿವಾರ. ದತ್ತಾತ್ರೇಯ ಕ್ಯಾಲೆಂಡರ್ ನೋಡಿ ಗಾಬರಿಯಾದ. ಆಷಾಢ! ಅಕ್ಕನಿಗೆ ಹೇಗೆ ಹೇಳುವುದು? ಫೋನಿನಲ್ಲಿ ತೊದಲಿದ.

"ಆಷಾಢ ಅಂತ ಗೊತ್ತು ಕಣೋ" ಎಂದಳು ವತ್ಸಲಾ. "ಅವಳ ಹುಟ್ಟುಹಬ್ಬ ಆಗಿ ನಾಲ್ಕು ದಿನಕ್ಕೆ ಬರುತ್ತೆ. ನಾನು ಹಸಿರು ರೇಷ್ಮೆ ಉಡ್ತೀನಿ, ನಿನ್ನ ಹೆಂಡ್ತೀಗೂ ಹೇಳು, ಸುಮ್ನೆ ಕಾಟನ್ ಉಟ್ಕೊಂಡು ಬರ್ಬೇಡ ಅಂತ."

ಸಮುದಾಯ ಭವನದ ಸಭಾಂಗಣದಲ್ಲಿ ಐವತ್ತಕ್ಕೂ ಹೆಚ್ಚು ಹೊಸ ಪ್ರಜೆಗಳಿದ್ದರು. ದತ್ತಾತ್ರೇಯ, ಸುನಂದಾ, ಸ್ಪಂದನಾ ಒಂದು ಕುಟುಂಬವಾಗಿ ಒಂದು ಸಾಲಿನಲ್ಲಿ. ವರ್ಣಿಕಾ ತನ್ನ ಹೆಸರಿನ ಕುರ್ಚಿಯಲ್ಲಿ, ಬೇರೆ ಸಾಲಿನಲ್ಲಿ. ಎಲ್ಲರೂ ಎದ್ದು ಬಲಗೈಯನ್ನು ಎದೆಗಿಟ್ಟು ಹೇಳಿದ ಪ್ರತಿಜ್ಞೆಯ ಮಾತುಗಳನ್ನು ವತ್ಸಲಾ ಹಿಂದಿನ ಸಾಲಿನಿಂದ ತಾನೂ ಗಟ್ಟಿಯಾಗಿ ಹೇಳಿದಳು. ಅವಳು ಪ್ರಜೆಯಾಗಿ ಹದಿನೈದು ವರ್ಷವಾಗಿತ್ತು. ಪಕ್ಕದ ಚೀನೀ ಹೆಂಗಸು ತಿರುಗಿ ನೋಡಿದಾಗ ನಾಗೇಶ, "ಶಿ ಲೈಕ್ಸ್ ಟು ರಿನ್ಯೂ" ಎಂದು ಸಮಾಧಾನ ಹೇಳಿದ.

ಹೊರಗೆ, ಭವನದ ಕೆಳಗಿನ ನೆರಳಿನಲ್ಲಿ, ವರ್ಣಿಕಾ ಕೆಂಪು ಕವಚದ ಪ್ರಮಾಣಪತ್ರವನ್ನು ಮೊದಲು ಅತ್ತೆಯ ಕೈಗೆ ಕೊಟ್ಟಳು, ಆಮೇಲೆ ಸುನಂದಾಳ ಕೈಗೆ. "ಚಿಕ್ಕಿ, ಡೇಟ್ ಚೆಕ್ ಮಾಡಿ" ಎಂದಳು. ಎಲ್ಲರೂ ನಕ್ಕರು. ಸುನಂದಾ ನಿಜಕ್ಕೂ ಚೆಕ್ ಮಾಡಿದಳು. ಇಪ್ಪತ್ನಾಲ್ಕು, ಏಳು, ತೊಂಬತ್ತಮೂರು. ಅಕ್ಷರಗಳು ಕಣ್ಣೀರಿನಲ್ಲಿ ತೇಲಿದರೂ ಸರಿಯಾಗಿದ್ದವು.

ಆಗ ವತ್ಸಲಾ ತನ್ನ ದೊಡ್ಡ ಚೀಲಕ್ಕೆ ಕೈಹಾಕಿ, ಅರ್ಧ ಅಳಿಸಿದ ಹೆಸರಿನ ಆ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಹೊರತೆಗೆದಳು. ಭರಣಿ, ಹೆರಳುಪಿನ್ನು, ಫೋಟೋ, ಎರಡು ಕಾಗದ, ಎಲ್ಲವೂ ಒಳಗಿದ್ದವು. ಅದನ್ನು ಎರಡೂ ಕೈಯಲ್ಲಿ ಹಿಡಿದು ಸುನಂದಾಳ ಮುಂದೆ ಚಾಚಿದಳು.

ಸುನಂದಾಗೆ ತಕ್ಷಣ ಅರ್ಥವಾಗಲಿಲ್ಲ. ಅಭ್ಯಾಸಬಲದಿಂದ ಕೈಚೀಲದಲ್ಲಿ ಪೆನ್ನು ಹುಡುಕಿದಳು. "ಯಾವತ್ತಿಗೆ ವಾಪಸ್ ಕೊಡ್ಬೇಕು ಅತ್ತಿಗೆ? ಚೀಟಿ ಬರ್ದು..."

"ಚೀಟಿ ಬೇಡ" ಎಂದಳು ವತ್ಸಲಾ. ಪೆಟ್ಟಿಗೆಯನ್ನು ಅವಳ ಕೈಯಲ್ಲಿಟ್ಟು, ಮುಚ್ಚಳವನ್ನು ಒಮ್ಮೆ ಅಂಗೈಯಿಂದ ಒತ್ತಿ ಸರಿಮಾಡಿದಳು. "ವಾಪಸೂ ಬೇಡ."